ಶನಿವಾರ ಐದು ಗಂಟೆಯವರೆಗೆ

ಮೊದಲನೆಯ ಟೇಪು ಸಾಲದು ಅನ್ನಿಸಿತು. ಗಿಲಕಿ ಅದರ ಮೇಲೆ ಇನ್ನೊಂದು ಅಂಟಿಸಿದಳು. ಅದೂ ತೆಳ್ಳಗೆ ಕಂಡಿತು. ನೋಟ್‌ಬುಕ್ಕಿನ ರಟ್ಟಿನಿಂದ ಉಗುರಿನಷ್ಟು ಚೂರು ಹರಿದು, ಟ್ಯಾಬಿನ ಕ್ಯಾಮೆರಾ ಮೇಲಿಟ್ಟು, ಮೂರನೆಯ ಟೇಪು ಎಳೆದು ಹೆಬ್ಬೆರಳಿನಿಂದ ಒತ್ತಿದಳು.

ಈಗ ಅವನಿಗೆ ಕಾಣುವುದಿಲ್ಲ.

ಆದರೆ ಕೇಳಿಸಬಹುದು. ಟ್ಯಾಬಿನ ಅಂಚಿನಲ್ಲಿ ಸಾಸಿವೆ ಕಾಳಿನಂಥ ತೂತುಗಳಿದ್ದವು. ಅವುಗಳಲ್ಲಿ ಯಾವುದು ಮಾತಾಡುವ ತೂತು, ಯಾವುದು ಕೇಳಿಸಿಕೊಳ್ಳುವ ತೂತು ಎಂದು ಅವಳಿಗೆ ಗೊತ್ತಿರಲಿಲ್ಲ. ಟ್ಯಾಬನ್ನು ದಿಂಬಿನ ಕೆಳಗೆ ತಳ್ಳಿ, ದಿಂಬಿನ ಮೇಲೆ ತಾನೇ ಕೂತುಬಿಟ್ಟಳು.

ಗಿಲಕಿ ಎಂಬುದು ಅವಳ ನಿಜವಾದ ಹೆಸರಲ್ಲ. ಎಳೆಯ ಕೂಸಾಗಿದ್ದಾಗಲೇ ಸುಮ್ಮನಿರಲು ಬಾರದ ಮೊಮ್ಮಗಳಿಗೆ ಅಜ್ಜ ಇಟ್ಟ ಹೆಸರು. ಶಾಲೆಯ ಹಾಜರಿ ಪುಸ್ತಕ ಒಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಅದೇ ನಡೆಯುತ್ತಿತ್ತು. ಆದರೆ ಈ ಗುರುವಾರ ಶಾಲೆಯಿಂದ ಬಂದು ಅರ್ಧ ಗಂಟೆಯಾದರೂ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಮನೆಯಲ್ಲಿ ಕೇಳುವವರೂ ಇರಲಿಲ್ಲ. ಅಜ್ಜ ಅಂಗಡಿಯಲ್ಲಿದ್ದ. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿದ್ದಳು. ಬಂದವರ ಹೆಸರು ಬರೆದುಕೊಂಡು ಅವರನ್ನು ಸಾಲಾಗಿ ಕೂರಿಸುವುದು ಅವಳ ಕೆಲಸ. ಅಪ್ಪ ಸರಕು ಹಡಗಿನಲ್ಲಿ ಅಡುಗೆಯವನು. ಅವನ ಮುಖ ಕಾಣುವುದು ಟ್ಯಾಬಿನಲ್ಲಿ ಮಾತ್ರ.

ಹೋಮ್‌ವರ್ಕ್ ನೋಡೋಣ ಎಂದು ಅವಳು ಈಮೇಲ್ ತೆರೆದಿದ್ದಳು. ಟೀಚರ್ ಕಳಿಸಿದ್ದರ ಮೇಲುಗಡೆಯೇ ಆ ಕಾಗದ ಇತ್ತು.

"ಹಲೋ ಬಳಕೆದಾರ, ಇದು ಕೊನೆಯ ಎಚ್ಚರಿಗೆ. ನಿನ್ನ ಪಾಸ್‌ವರ್ಡ್ ಗಿಲಕಿ1234 ಎಂಬುದಾಗಿ ಇದೆ. ನಾನು ನಿನ್ನ ಯಂತ್ರದ ಒಳಗೆ ಕುಳಿತಿದ್ದೇನೆ. ಮುಂದಿನ ಕ್ಯಾಮೆರಾದಿಂದ ನಿನ್ನನ್ನು ಬಹಳ ದಿನಗಳಿಂದ ನೋಡುತ್ತಾ ಇರುವುದಾಗಿದೆ. ನೀನು ಮಾಡಿದ್ದು ಏನೆಂದು ನಿನಗೆ ಗೊತ್ತು. ನನಗೂ ಗೊತ್ತು. ಶನಿವಾರ ಸಂಜೆ ಐದು ಗಂಟೆಯ ಒಳಗೆ ಕೆಳಗಿನ ಕೋಡಿಗೆ ಹಣ ಹಾಕತಕ್ಕದ್ದು. ಇಲ್ಲವಾದರೆ ನಿನ್ನ ಪರಿಚಯದ ಎಲ್ಲ ಜನರಿಗೂ ಎಲ್ಲವನ್ನೂ ಕಳುಹಿಸಲಾಗುವುದು. ಯಾರಿಗೂ ಹೇಳಬೇಡ. ಹೇಳಿದರೆ ನನಗೆ ಕೂಡಲೇ ಗೊತ್ತಾಗುವುದು."

ಕೆಳಗೆ ಕಪ್ಪು ಬಿಳಿ ಚುಕ್ಕಿಗಳ ಚೌಕ. ಅದರ ಪಕ್ಕ ಒಂದು ಮೊತ್ತ. ಅವಳ ಕಾಸಿನ ಡಬ್ಬಿ ಹತ್ತು ಸಲ ತುಂಬಿದರೂ ಅಷ್ಟಾಗುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ 'ಎಚ್ಚರಿಗೆ' ಎಂಬ ಪದ ನೋಡಿ ಗಿಲಕಿ ನಕ್ಕುಬಿಡುತ್ತಿದ್ದಳು. ಉಕ್ತಲೇಖನದಲ್ಲಿ ಅವಳು ತಪ್ಪು ಬರೆದವಳೇ ಅಲ್ಲ. ಆದರೆ ಪಾಸ್‌ವರ್ಡ್ ಸರಿಯಾಗಿತ್ತು. ಗಿಲಕಿ, ಒಂದು, ಎರಡು, ಮೂರು, ನಾಲ್ಕು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

'ನೀನು ಮಾಡಿದ್ದು ಏನೆಂದು ನಿನಗೆ ಗೊತ್ತು' ಎಂಬ ಸಾಲನ್ನು ಅವಳು ಎರಡು ಸಲ ಓದಿದಳು. ಅವಳಿಗೆ ಗೊತ್ತಿತ್ತು.

ಹದಿನೈದು ದಿನಗಳ ಹಿಂದೆ ಅವಳ ಗೆಳತಿ ಬುಗುರಿಗೆ ತಲೆ ತುಂಬ ಹೇನಾಗಿತ್ತು. ಬುಗುರಿ ಕೂತಲ್ಲಿ ಕೂರುವವಳಲ್ಲ, ಹೆಸರೇ ಹೇಳುತ್ತದಲ್ಲ. ಅವಳಮ್ಮ ಅಡುಗೆಮನೆಯ ಕತ್ತರಿ ಹಿಡಿದು ಕೂದಲು ಕತ್ತರಿಸಲು ಹೊರಟಾಗ ಅವಳು ಆ ಕಡೆ ಈ ಕಡೆ ತಿರುಗಿದ್ದೇ ತಿರುಗಿದ್ದು. ಕೊನೆಗೆ ತಲೆ ಇಲಿ ಕಡಿದ ಚಾಪೆಯಂತಾಯಿತು. ಮರುದಿನದಿಂದ ಅವಳು ಉಣ್ಣೆಯ ಟೋಪಿ ಹಾಕಿಕೊಂಡು ಶಾಲೆಗೆ ಬಂದಳು. ಕಿವಿನೋವು ಎಂದು ಎಲ್ಲರಿಗೂ ಹೇಳಿದಳು. ಟೋಪಿ ತೆಗೆದು ತೋರಿಸಿದ್ದು ಗಿಲಕಿ ಒಬ್ಬಳಿಗೇ, ಅದೂ ಗಿಲಕಿಯ ಮನೆಗೆ ಬಂದು.

ಗಿಲಕಿ ತಕ್ಷಣ ಟ್ಯಾಬ್ ಎತ್ತಿ ಫೋಟೋ ಹೊಡೆದಿದ್ದಳು.

"ಡಿಲೀಟ್ ಮಾಡೇ," ಎಂದಿದ್ದಳು ಬುಗುರಿ, ಅರ್ಧ ನಗುತ್ತ, ಅರ್ಧ ಅಳುತ್ತ.

"ಮಾಡಿದೆ."

ಮಾಡಿರಲಿಲ್ಲ. ಬೇಜಾರಾದಾಗಲೆಲ್ಲ ಅದನ್ನು ತೆರೆದು ನೋಡಿ ಒಬ್ಬಳೇ ನಗುತ್ತಿದ್ದಳು. ಹಾಗೆ ನಗುವಾಗ ಆ ಕಪ್ಪು ಗಾಜಿನ ಆಚೆಯಿಂದ ಒಬ್ಬ ಗಂಡಸು ಅವಳನ್ನೇ ನೋಡುತ್ತಿದ್ದ. ಶನಿವಾರ ಐದು ಗಂಟೆಗೆ ಅವನು ಆ ಫೋಟೋವನ್ನು ಇಡೀ ಕ್ಲಾಸಿಗೆ ಕಳಿಸುತ್ತಾನೆ.

*

ಏಳು ಗಂಟೆಗೆ ಅಪ್ಪನ ಕರೆ ಬಂತು. ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ, "ಎತ್ತೇ, ಅಪ್ಪ," ಎಂದಳು.

ಟ್ಯಾಬಿನಲ್ಲಿ ಅಪ್ಪನ ಮುಖ ಅಲ್ಲಾಡುತ್ತ ಕಾಣಿಸಿತು. ಹಿಂದೆ ದೊಡ್ಡ ದೊಡ್ಡ ಪಾತ್ರೆಗಳು. "ಏನು ಮಗಳೇ, ಕರೆಂಟ್ ಹೋಗಿದೆಯಾ? ಬರೀ ಕತ್ತಲೆ ಕಾಣ್ತಿದೆ."

"ಕ್ಯಾಮೆರಾ ಕೆಟ್ಟಿದೆ ಅಪ್ಪ."

"ಹೋದ ಸಲ ಸರಿ ಇತ್ತಲ್ಲ. ಮುಖ ನೋಡದೆ ಎಂಟು ದಿನ ಆಯ್ತು ಕಣೇ. ಸರಿ, ಮಾತಾದರೂ ಆಡು."

ಟ್ಯಾಬಿನ ಒಳಗೆ ಕುಳಿತವನು ಕೇಳುತ್ತಿದ್ದಾನೆ ಎಂದು ಗಿಲಕಿ ದನಿ ತಗ್ಗಿಸಿದಳು. "ಹೂಂ," ಎಂದಳು. "ಊಟ ಆಯ್ತಾ ಅಪ್ಪ?"

ಅಪ್ಪ ನಕ್ಕ. "ನೂರು ಸಲ ಕೇಳಿದರೂ ಆಯ್ತು ಅಂತಲೇ ಹೇಳ್ತೀನಿ. ಅಡುಗೆಯವನು ನಾನೇ ತಾನೆ."

ಅವಳು ನಗಲಿಲ್ಲ. ಅಮ್ಮ ಹತ್ತಿರ ಬಂದಾಗ ಟ್ಯಾಬನ್ನು ಅವಳ ಕೈಗಿತ್ತು, ಟೇಪಿನ ಮೇಲೆ ತನ್ನ ಬೆರಳು ಇಟ್ಟುಕೊಂಡೇ ನಿಂತಳು.

ಊಟಕ್ಕೆ ಕೂತಾಗ ಅಜ್ಜನೂ ಮಾತಾಡಲಿಲ್ಲ. ತಟ್ಟೆಯಲ್ಲಿದ್ದುದನ್ನು ಬೆರಳಿನಿಂದ ಆಚೀಚೆ ಸರಿಸುತ್ತ ಕೂತಿದ್ದ. ಅಮ್ಮ ಒಬ್ಬರ ನಂತರ ಒಬ್ಬರ ಮುಖ ನೋಡಿದಳು. "ಏನಿದು, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೀರಿ?"

ಬೀಗದ ಮಾತು ಬಂದರೆ ಅಜ್ಜ ಸುಮ್ಮನಿರುವವನಲ್ಲ. ನಲವತ್ತು ವರ್ಷದಿಂದ ಬೀಗ ರಿಪೇರಿ ಮಾಡಿ, ಡೂಪ್ಲಿಕೇಟ್ ಕೀ ಕೊರೆದುಕೊಟ್ಟು ಬದುಕಿದವನು. ಇವತ್ತು ಮಾತ್ರ, "ಏನಿಲ್ಲಮ್ಮ, ಸುಸ್ತು," ಎಂದು ಎದ್ದು ಕೈ ತೊಳೆದುಕೊಂಡ.

ಗಿಲಕಿಗೆ ಅಜ್ಜನ ಬಗ್ಗೆ ಯೋಚಿಸಲು ಪುರುಸೊತ್ತು ಇರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಅವಳು ಫೋಟೋ ಅಳಿಸಿದಳು. ಒಂದು ಕ್ಷಣ ಹಗುರಾಯಿತು. ಆಮೇಲೆ ಹೊಳೆಯಿತು: ಇಲ್ಲಿ ಅಳಿಸಿದರೆ ಏನು ಬಂತು, ಅವನ ಹತ್ತಿರ ಇರುತ್ತದಲ್ಲ.

ಶಾಲೆಯ ದಾರಿಯಲ್ಲಿ ಔಷಧಿ ಅಂಗಡಿಯ ಮೇಲೆ ಒಂದು ಕ್ಯಾಮೆರಾ ಇತ್ತು. ಅದು ಎಷ್ಟೋ ವರ್ಷದಿಂದ ಅಲ್ಲೇ ಇತ್ತು. ಇವತ್ತು ಅದು ತನ್ನನ್ನೇ ನೋಡಿ ಕತ್ತು ತಿರುಗಿಸಿದ ಹಾಗಾಯಿತು. ಅವಳು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದಳು. ಕಂಪ್ಯೂಟರ್ ಲ್ಯಾಬಿನಲ್ಲಿ ಇನ್ನೂ ಕಷ್ಟ. ಸಾಲಾಗಿ ಹದಿನೆಂಟು ಕಂಪ್ಯೂಟರು, ಪ್ರತಿಯೊಂದರ ಹಣೆಯಲ್ಲೂ ಒಂದು ಕಣ್ಣು.

"ಯಾಕೆ ಹೀಗೆ ಕೂತಿದ್ದೀಯ?" ಬುಗುರಿ ಮೊಣಕೈಯಿಂದ ತಿವಿದಳು. ಟೋಪಿ ಹುಬ್ಬಿನ ತನಕ ಇಳಿದಿತ್ತು. "ನಿನಗೂ ಹೇನು ಹತ್ತಿತಾ?"

"ಇಲ್ಲ."

"ಮತ್ತೆ? ಬೆಳಿಗ್ಗೆಯಿಂದ ಮೂರೇ ಮಾತಾಡಿದ್ದೀಯ. ನಾನು ಎಣಿಸ್ತಿದ್ದೀನಿ."

ಹೇಳಿಬಿಡಲೇ ಎಂದುಕೊಂಡಳು ಗಿಲಕಿ. ಬಾಯಿ ತೆರೆದಳು ಕೂಡ. ಆದರೆ ಬುಗುರಿಯ ಹಿಂದೆ ಕಂಪ್ಯೂಟರಿನ ಕಣ್ಣಿನ ಪಕ್ಕ ಹಸಿರು ದೀಪ ಉರಿಯುತ್ತಿತ್ತು. ಹೇಳಿದರೆ ನನಗೆ ಕೂಡಲೇ ಗೊತ್ತಾಗುವುದು. ಅವಳು ಬಾಯಿ ಮುಚ್ಚಿದಳು.

ಊಟದ ಬಿಡುವಿನಲ್ಲಿ ಬುಗುರಿ ತನ್ನ ಬುತ್ತಿಯ ಡಬ್ಬಿಯಿಂದ ಬೇಯಿಸಿದ ಮೊಟ್ಟೆಯ ಅರ್ಧ ಮುರಿದು ಅವಳ ಕೈಗಿಟ್ಟಳು. ಹಳದಿ ಇರುವ ಅರ್ಧವನ್ನೇ ಕೊಟ್ಟಿದ್ದಳು. ಗಿಲಕಿ ಅದನ್ನು ತಿನ್ನದೆ ತನ್ನ ಡಬ್ಬಿಯೊಳಗೆ ಇಟ್ಟುಕೊಂಡಳು.

*

ಶನಿವಾರ ಶಾಲೆ ಅರ್ಧ ದಿನ. ಮನೆಗೆ ಹೋಗಿ ಊಟ ಮಾಡಿ, ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡು ಕೂತು, ಕೊನೆಗೆ ಒಬ್ಬಳೇ ಇರಲಾರದೆ ಅವಳು ಅಜ್ಜನ ಅಂಗಡಿಗೆ ಬಂದಳು. ಟ್ಯಾಬನ್ನು ಮನೆಯಲ್ಲೇ, ಹಾಸಿಗೆಯ ಮಡಿಕೆಗಳ ನಡುವೆ ಹೂತಿಟ್ಟಿದ್ದಳು.

ಅಜ್ಜನ ಅಂಗಡಿ ಅಂದರೆ ಬಟ್ಟೆಯ ಕಪಾಟಿಗಿಂತ ಸ್ವಲ್ಪ ದೊಡ್ಡದು. ಒಂದು ಪಕ್ಕ ಪಂಕ್ಚರ್ ಅಂಗಡಿ, ಇನ್ನೊಂದು ಪಕ್ಕ ಮೊಬೈಲ್ ರೀಚಾರ್ಜ್ ಅಂಗಡಿ. ಗೋಡೆ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು. ಮೇಜಿನ ಮೇಲೆ ಕೀ ಕೊರೆಯುವ ಹಳೆಯ ಮೆಷಿನ್. ಅದರ ಹಿಡಿತ ಸಡಿಲವಾಗಿ, ಕೀಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದೇ ಕೊರೆಯಬೇಕಾಗಿತ್ತು. ಹೊಸದು ತರಲು ಅಜ್ಜ ಎರಡು ವರ್ಷದಿಂದ ಕೂಡಿಡುತ್ತಿದ್ದ.

ಅಜ್ಜ ಕೆಲಸ ಮಾಡುತ್ತಿರಲಿಲ್ಲ. ಫೋನ್ ಹಿಡಿದು ಕೂತಿದ್ದ. ಅವಳನ್ನು ಕಂಡು ಬೆಚ್ಚಿದ. ಆಮೇಲೆ, "ಬಂದೆಯಾ, ಒಳ್ಳೇದಾಯ್ತು," ಎಂದ. "ಈ ಚುಕ್ಕಿ ಚುಕ್ಕಿ ಚೌಕ ಇದೆಯಲ್ಲ, ಇದಕ್ಕೆ ದುಡ್ಡು ಹಾಕೋದು ಹೇಗೆ ಅಂತ ತೋರಿಸು. ಇದೇ ಫೋನಿನಲ್ಲಿರೋ ಚಿತ್ರವನ್ನ ಇದೇ ಫೋನು ಹೇಗೆ ನೋಡುತ್ತೆ? ಹೋದ ವಾರ ರೀಚಾರ್ಜ್ ಅಂಗಡಿಯವನು ಏನೋ ಮಾಡಿಕೊಟ್ಟ. ಇವತ್ತು ಅವನು ಬಾಗಿಲೇ ತೆಗೆದಿಲ್ಲ."

"ಯಾರಿಗೆ ಹಾಕಬೇಕು ಅಜ್ಜ?"

"ಬೀಗದ ಕಂಪನಿಗೆ. ನೀನು ಮಾಡೋದು ತೋರಿಸು, ಸಾಕು."

ಅದೇನು ದೊಡ್ಡ ಕೆಲಸವಲ್ಲ. ಚಿತ್ರವನ್ನು ಸೇವ್ ಮಾಡಿ, ಹಣ ಕಳಿಸುವ ಆ್ಯಪಿನಲ್ಲಿ ತೆರೆದರೆ ಆಯಿತು. ಗಿಲಕಿ ಪಕ್ಕಕ್ಕೆ ಬಂದು ಬಗ್ಗಿದಳು. ಅಜ್ಜ ಚಿತ್ರದ ಮೇಲಿದ್ದ ಬರಹವನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದ. ಆ ಹೆಬ್ಬೆರಳು ನಡುಗುತ್ತಿತ್ತು.

ಸಿಕ್ಕಿಕೊಂಡ ಬೀಗದೊಳಗೆ ತಂತಿ ಇಳಿಸುವಾಗ ಅಲ್ಲಾಡದ ಬೆರಳು ಅದು. ಗಿಲಕಿ ಅದನ್ನೇ ನೋಡಿದಳು. ಬೆರಳು ಸ್ವಲ್ಪ ಸರಿಯಿತು. ಅದರ ಕೆಳಗೆ ಒಂದು ಪದ ಕಾಣಿಸಿತು.

ಎಚ್ಚರಿಗೆ.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

ಅವನು ಅಜ್ಜನ ಫೋನಿನ ಒಳಗೂ ಇದ್ದಾನೆ. ಈಗಲೂ ಇದ್ದಾನೆ. ತನ್ನ ಮುಖ ಅವನಿಗೆ ಕಾಣುತ್ತಿದೆ. ಸುಮ್ಮನೆ ಎರಡು ಕಡೆ ಒತ್ತಿಕೊಟ್ಟರೆ ಅಜ್ಜನಾದರೂ ಉಳಿದುಕೊಳ್ಳುತ್ತಾನೆ. ಬಾಯಿ ಬಿಟ್ಟರೆ ಐದು ಗಂಟೆ ಕೂಡ ಕಾಯದೆ ಇಬ್ಬರದ್ದೂ ಮುಗಿದೇ ಹೋಯಿತು.

"ಏನಾಯ್ತೇ? ಗೊತ್ತಾಗಲ್ವಾ?" ಎಂದ ಅಜ್ಜ. ಅವನ ದನಿಯೂ ಬೆರಳಿನ ಹಾಗೇ ಇತ್ತು.

ಗಿಲಕಿ ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. ಹಳೆಯ ಕೀಗಳ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿ, ಅದರ ಮೇಲೆ ತನ್ನ ಸ್ವೆಟರ್ ತೆಗೆದು ಸುತ್ತಿದಳು. ಅಜ್ಜ ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದ. ಅವಳು ತುಟಿಯ ಮೇಲೆ ಬೆರಳಿಟ್ಟು, ಬಿಲ್ ಪುಸ್ತಕ ಎಳೆದುಕೊಂಡು ಪೆನ್ಸಿಲಿನಲ್ಲಿ ಬರೆದಳು: 'ನನಗೂ ಬಂದಿದೆ.'

ಅಜ್ಜ ಕಾಗದವನ್ನು ಕೈ ಚಾಚಿ ದೂರ ಹಿಡಿದು ಕಣ್ಣು ಕಿರಿದು ಮಾಡಿದ. ಕನ್ನಡಕ ಅವನ ಹಣೆಯ ಮೇಲೇ ಇತ್ತು, ಅದು ಅವನಿಗೆ ನೆನಪಿರಲಿಲ್ಲ. "ನನಗೂ... ಬಂಡಿ ಇದೆ? ಯಾವ ಬಂಡಿಯೇ?"

"ಬಂಡಿ ಅಲ್ಲ," ಎಂದಳು ಗಿಲಕಿ. ಎರಡು ದಿನ ಸರಿಯಾಗಿ ಬಳಸದ ದನಿ ಕರ್ಕಶವಾಗಿ ಬಂತು. "ಬಂದಿದೆ. ನನಗೂ ಬಂದಿದೆ ಅಜ್ಜ. ಹಲೋ ಬಳಕೆದಾರ. ಯಂತ್ರದ ಒಳಗೆ ಕುಳಿತಿದ್ದೇನೆ. ಐದು ಗಂಟೆ ಒಳಗೆ. ಎಲ್ಲ ನನಗೂ ಬಂದಿದೆ."

ಹೇಳಿಯಾಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಪಕ್ಕದಲ್ಲಿ ಪಂಕ್ಚರ್ ಅಂಗಡಿಯವನು ಟಯರಿಗೆ ಗಾಳಿ ತುಂಬುವ ಸದ್ದು ಬಿಟ್ಟರೆ ಏನೂ ಆಗಲಿಲ್ಲ.

ಅಜ್ಜ ಸ್ವೆಟರ್ ಬಿಚ್ಚಿ, ಡಬ್ಬದ ಮುಚ್ಚಳ ತೆಗೆದು ಫೋನ್ ಹೊರಗೆಳೆದ. ಕನ್ನಡಕ ಕಣ್ಣಿಗೆ ಇಳಿಸಿದ. "ನಿನಗೆ ಬಂದಿದ್ದು ಬಾಯಿಪಾಠ ಬರುತ್ತಾ?"

"ಬರುತ್ತೆ."

"ಹೇಳು. ನಾನು ಇದರಲ್ಲಿ ನೋಡ್ತೀನಿ."

ಗಿಲಕಿ ಹೇಳುತ್ತ ಹೋದಳು. ಅಜ್ಜನ ಬೆರಳು ಸಾಲಿನ ಕೆಳಗೆ ಸರಿಯುತ್ತ ಹೋಯಿತು. ಒಂದು ಅಕ್ಷರ ಆಚೀಚೆ ಇರಲಿಲ್ಲ. ಗಿಲಕಿ1234 ಕೂಡ ಅದೇ. ಮೊತ್ತವೂ ಅದೇ.

"ಇದು ಒಂದೇ ಅಚ್ಚಿನಲ್ಲಿ ಹೊಡೆದ ಕಾಗದ," ಎಂದ ಅಜ್ಜ ನಿಧಾನವಾಗಿ. "ಯಾರ ಮನೆ ಬಾಗಿಲಿಗೆ ಬೇಕಾದರೂ ಅಂಟಿಸಬಹುದು."

"ಆದರೆ ಅವನು ನಮ್ಮನ್ನ ನೋಡಿದ್ದಾನೆ ಅಜ್ಜ. ಮುಂದಿನ ಕ್ಯಾಮೆರಾದಿಂದ."

ಅಜ್ಜ ಫೋನ್ ತಿರುಗಿಸಿ ಹಿಡಿದ. ಮೇಲಿನ ಮೂಲೆಯಲ್ಲಿ ಗಾಜು ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು. ಕಳೆದ ವರ್ಷ ಫೋನ್ ಮೆಷಿನ್ ಮೇಲೆ ಬಿದ್ದು ಮುಂದಿನ ಕ್ಯಾಮೆರಾ ಒಡೆದಿತ್ತು. ಅಂದಿನಿಂದ ಅದರಲ್ಲಿ ಯಾರ ಮುಖವೂ ಕಂಡಿಲ್ಲ.

"ಇದರಿಂದ ನೋಡಿದನಂತೆ," ಎಂದ ಅಜ್ಜ. "ಎಂಟು ದಿನ ಇದನ್ನೇ ಹಿಡಿದುಕೊಂಡು ಕೂತಿದ್ದೀನಿ. ಒಂದು ಸಲವೂ ನನಗೆ ಹೊಳೀಲಿಲ್ಲ ನೋಡು."

"ಎಂಟು ದಿನವಾ?"

ಅಜ್ಜ ತಲೆ ತಗ್ಗಿಸಿದ. "ಹೋದ ಶುಕ್ರವಾರ ಮೊದಲು ಬಂತು. ಕೇಳಿದಷ್ಟು ಕೊಟ್ಟೆ. ಮುಗೀತು ಅಂದುಕೊಂಡೆ. ಮೊನ್ನೆ ಮತ್ತೆ ಅದೇ ಬಂತು."

ಹೊಸ ಮೆಷಿನ್ನಿನ ದುಡ್ಡು. ಇಬ್ಬರೂ ಹಳೆಯ ಮೆಷಿನ್ ಕಡೆ ನೋಡಿದರು.

"ನೀನು ಏನು ಮಾಡಿದ್ದೆ ಅಜ್ಜ?"

ಅಜ್ಜ ಮೇಜಿನ ಮೇಲಿದ್ದ ಹಿತ್ತಾಳೆಯ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡ್ಡೆ ಮಾಡಿದ. "ನಿಮ್ಮಮ್ಮ ಆಗ ನಿನಗಿಂತ ಸಣ್ಣವಳು. ಒಬ್ಬ ಬಂದ. ಚೆನ್ನಾಗಿ ಬಟ್ಟೆ ಹಾಕಿದ್ದ. ಸೋಪಿನ ಮೇಲೆ ಒತ್ತಿದ ಕೀಯ ಅಚ್ಚು ತೋರಿಸಿದ. ಇದಕ್ಕೆ ಕೀ ಮಾಡಿಕೊಡು ಅಂದ. ನಿಜವಾದ ಕೀ ಎಲ್ಲಿ ಅಂತ ಕೇಳಬೇಕಾಗಿತ್ತು. ಎರಡರಷ್ಟು ಕೊಡ್ತೀನಿ ಅಂದ, ನಾನು ಕೇಳಲಿಲ್ಲ. ವಾರದ ಮೇಲೆ ಮೂರನೇ ಬೀದೀಲಿ ಒಂದು ಮನೆ ಕಳುವಾಯ್ತು. ಬಾಗಿಲು ಒಡೆದಿರಲಿಲ್ಲ."

"ಯಾರಿಗೂ ಹೇಳಲಿಲ್ವಾ?"

"ನಿಮ್ಮಜ್ಜಿಗೂ ಹೇಳಲಿಲ್ಲ. ಆವತ್ತಿಂದ ಕೀ ಮಾಡಿಸೋಕೆ ಬಂದವರ ಹೆಸರು, ಮನೆ, ಎಲ್ಲ ಬರೆದುಕೊಳ್ತೀನಿ. ಮುದುಕನಿಗೆ ತಲೆ ಕೆಟ್ಟಿದೆ ಅಂತ ಜನ ನಗ್ತಾರೆ. 'ನೀನು ಮಾಡಿದ್ದು ನನಗೆ ಗೊತ್ತು' ಅಂತ ಓದಿದಾಗ, ಓ, ಇಷ್ಟು ವರ್ಷದ ಮೇಲೆ ಯಾರೋ ಬಂದರು ಅಂದುಕೊಂಡೆ."

ಗಿಲಕಿ ಬುಗುರಿಯ ಫೋಟೋದ ಕತೆ ಹೇಳಿದಳು. ಅಜ್ಜ ನಗಬಹುದೆಂದು ಅವಳಿಗೆ ಭಯವಿತ್ತು. ಅವನು ನಗಲಿಲ್ಲ.

ಅಜ್ಜ ಅಮ್ಮನಿಗೆ ಫೋನ್ ಹಚ್ಚಲು ಹೊರಟಾಗ ಗಿಲಕಿ ಅವನ ಕೈ ಹಿಡಿದಳು. "ಅವನಿಗೆ ಕೇಳುತ್ತೆ."

"ಕೇಳಲಿ," ಎಂದ ಅಜ್ಜ. ಆದರೂ ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು ಪಿಸುಗುಟ್ಟಿದ.

ಅಮ್ಮನ ಹಿಂದೆ ಹಲ್ಲು ಕೊರೆಯುವ ಸದ್ದು ಕೇಳಿಸುತ್ತಿತ್ತು. "ಏನೂ ಒತ್ತಬೇಡಿ," ಎಂದಳು ಅವಳು. "ಉತ್ತರ ಬರೆಯಬೇಡಿ. ಅಳಿಸಲೂ ಬೇಡಿ. ನಾನು ಬರ್ತಿದ್ದೀನಿ." ಅಷ್ಟೇ. ಅವಳು ಎರಡು ಬಸ್ಸು ಬದಲಿಸಬೇಕಾಗಿತ್ತು.

ನಾಲ್ಕೂ ಐವತ್ತು. ನಾಲ್ಕೂ ಐವತ್ತೈದು. ಅಜ್ಜ ಮೊಮ್ಮಗಳು ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತರು. ಒಂದೇ ಅಚ್ಚಿನ ಕಾಗದ ಎಂದು ಇಬ್ಬರಿಗೂ ಗೊತ್ತಾಗಿತ್ತು. ಆದರೆ ಗೊತ್ತಾದದ್ದು ಹೊಟ್ಟೆಯ ತನಕ ಇನ್ನೂ ಇಳಿದಿರಲಿಲ್ಲ.

ಐದು ಗಂಟೆಗೆ ಎರಡು ನಿಮಿಷ ಇರುವಾಗ ಅಂಗಡಿಯ ಎದುರು ಬೈಕೊಂದು ಬಂದು ನಿಂತಿತು. ಮೇಲೆ ಕೂತವನ ಹೆಲ್ಮೆಟ್ಟಿನ ಗಾಜು ಕಡುಗಪ್ಪಾಗಿತ್ತು. ಅವನು ಇಳಿಯಲಿಲ್ಲ. ಇವರ ಕಡೆಯೇ ತಿರುಗಿ ಕೂತಿದ್ದ.

ಗಿಲಕಿ ಅಜ್ಜನ ಅಂಗಿಯ ತೋಳು ಹಿಡಿದಳು. ಅಜ್ಜನ ಕೈ ತಾನಾಗಿ ಇಕ್ಕಳದ ಮೇಲೆ ಹೋಯಿತು.

ಅವನು ಇಳಿದ. ಒಂದೊಂದೇ ಹೆಜ್ಜೆ ಇಟ್ಟು ಮೇಜಿನ ತನಕ ಬಂದ. ಹೆಲ್ಮೆಟ್ ತೆಗೆದ. ಬೆವರಿನಿಂದ ಕೂದಲು ಅಂಟಿಕೊಂಡ, ದಣಿದ ಮುಖ. "ತಾತ, ಪೆಟ್ಟಿಗೆ ಕೀ ಅರ್ಧ ಒಳಗೇ ಮುರೀತು," ಎಂದು ಬೈಕಿನ ಹಿಂದಿನ ಬ್ರೆಡ್ಡಿನ ಪೆಟ್ಟಿಗೆ ತೋರಿಸಿದ. "ಹದಿನಾಲ್ಕು ಅಂಗಡಿಗೆ ಹಾಕೋದು ಬಾಕಿ ಇದೆ. ಆಗುತ್ತಾ?"

ಅಜ್ಜ ಉಸಿರು ಬಿಟ್ಟ. "ಆಗುತ್ತೆ. ಹೆಸರು ಹೇಳು, ಬರೆದುಕೊಳ್ತೀನಿ."

ಅಜ್ಜ ಸೂಕ್ಷ್ಮವಾಗಿ ತಂತಿ ಇಳಿಸಿ ಮುರಿದ ತುಂಡು ಎಳೆದ. ಎರಡು ಚೂರನ್ನೂ ಜೋಡಿಸಿ ಹಿಡಿದುಕೊಳ್ಳಲು ಗಿಲಕಿಗೆ ಕೊಟ್ಟ. ಮೆಷಿನ್ ಕಿರ್ರೆಂದಿತು. ಹಿತ್ತಾಳೆಯ ಪುಡಿ ಉದುರಿತು. ಅರದಿಂದ ಅಂಚು ಉಜ್ಜಿ, ಪೆಟ್ಟಿಗೆಗೆ ಹಾಕಿ ತಿರುಗಿಸಿದಾಗ ಒಳಗಿಂದ ಹೊಸ ಬ್ರೆಡ್ಡಿನ ವಾಸನೆ ಬಂತು. ಬೈಕಿನವನು ಹೋದ ಮೇಲೆ ಗಿಲಕಿ ತಲೆ ಎತ್ತಿ ಗಡಿಯಾರ ನೋಡಿದಳು.

ಐದೂ ಹದಿನಾಲ್ಕು.

ಯಾರೂ ಫೋನ್ ಮಾಡಿರಲಿಲ್ಲ. ರಸ್ತೆಯಲ್ಲಿ ಜನ ತಮ್ಮ ಪಾಡಿಗೆ ಓಡಾಡುತ್ತಿದ್ದರು.

*

ಅಮ್ಮ ಬಂದವಳು ಮೊದಲು ಕಾಗದ ಓದಿದಳು. ಬೈಯುತ್ತಾಳೆ ಎಂದು ಇಬ್ಬರೂ ಕಾದರು. ಅವಳು ಬೆಂಚಿನ ಮೇಲೆ ಕೂತು, "ಎರಡು ದಿನ ನನ್ನ ಎದುರಿಗೇ ಕೂತು ಊಟ ಮಾಡಿದಿರಲ್ಲ," ಎಂದಳು ಅಷ್ಟೇ. ಅದು ಬೈಗುಳಕ್ಕಿಂತ ಜೋರಾಗಿ ತಾಕಿತು.

ಆಮೇಲೆ ಅವಳು ಕೆಲಸಕ್ಕೆ ತೊಡಗಿದಳು. ಬ್ಯಾಂಕಿಗೆ ಫೋನ್ ಮಾಡಿದಳು. ಪೊಲೀಸರ ಸಹಾಯವಾಣಿಗೆ ಮಾಡಿದಳು. ಅಜ್ಜ ಹಣ ಹಾಕಿದ ದಿನ, ಗಂಟೆ, ಎಲ್ಲ ಬರೆಸಿದಳು. "ಇನ್ನೂ ಮೊದಲೇ ಹೇಳಿದ್ದರೆ ತಡೆಯಬಹುದಿತ್ತೇನೋ," ಎಂದಿತಂತೆ ಆ ಕಡೆಯ ದನಿ. ಅಜ್ಜ ಅದನ್ನು ಕೇಳಿಸಿಕೊಂಡು ಚಪ್ಪಲಿ ನೋಡುತ್ತ ಕೂತ.

"ನಮ್ಮ ಡಾಕ್ಟರಿಗೂ ಇಂಥದ್ದೇ ಬಂದಿತ್ತು," ಎಂದಳು ಅಮ್ಮ. "ಅವರೂ ಮೂರು ದಿನ ಮುಖ ಒಣಗಿಸಿಕೊಂಡಿದ್ದರು. ಅದಿರಲಿ, ಈ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಹಾಕಿದ್ದೀಯ?"

ಗಿಲಕಿ ಉಗುರು ಕಚ್ಚಿದಳು. "ಟ್ಯಾಬಿಗೆ. ಈಮೇಲಿಗೆ. ಅಜ್ಜನ ಈಮೇಲ್ ನಾನೇ ಮಾಡಿಕೊಟ್ಟಿದ್ದು, ಅದಕ್ಕೂ. ಮತ್ತೆ ಮೀನು ಸಾಕೋ ಗೇಮಿಗೆ." ಸ್ವಲ್ಪ ತಡೆದು, "ಗೇಮಿನಲ್ಲಿ ಒಬ್ಬರನ್ನ ಸೇರಿಸಿದರೆ ನೂರು ಚಿಪ್ಪು ಫ್ರೀ ಕೊಡ್ತಿದ್ದರು. ಅಜ್ಜನ ಹೆಸರೂ ಸೇರಿಸಿದ್ದೆ," ಎಂದಳು.

"ಎಲ್ಲ ಬೀಗಕ್ಕೂ ಒಂದೇ ಕೀ ಮಾಡಿದ್ದೀಯಾ?" ಎಂದ ಅಜ್ಜ. ಎಂಟು ದಿನದಲ್ಲಿ ಮೊದಲ ಸಲ ಅವನ ದನಿಯಲ್ಲಿ ಅಂಗಡಿಯ ಅಜ್ಜ ಕಾಣಿಸಿದ. "ನನ್ನ ಮೊಮ್ಮಗಳಾಗಿ?"

ಆ ಗೇಮಿನವರಿಂದಲೇ ಪಾಸ್‌ವರ್ಡುಗಳ ಪಟ್ಟಿ ಕಳುವಾಗಿರಬೇಕು ಎಂದಳು ಅಮ್ಮ. ಅಂಥ ಪಟ್ಟಿ ಹಿಡಿದುಕೊಂಡು ಸಾವಿರಾರು ಜನಕ್ಕೆ ಒಂದೇ ಕಾಗದ ಕಳಿಸುತ್ತಾರಂತೆ. ಹತ್ತು ಜನ ಹೆದರಿದರೂ ಅವರಿಗೆ ಸಾಕು.

ಅವಳು ಇನ್ನೂ ಮಾತಾಡುತ್ತಿರುವಾಗಲೇ ಅಜ್ಜನ ಫೋನ್ ಟಿಣ್ ಎಂದಿತು. ಮೂವರೂ ಬಗ್ಗಿದರು. "ಹಲೋ ಬಳಕೆದಾರ, ಇದು ಕೊನೆಯ ಎಚ್ಚರಿಗೆ. ಸೋಮವಾರ ಸಂಜೆ ಐದು ಗಂಟೆಯ ಒಳಗೆ..."

ಗಿಲಕಿಯ ಎದೆ ಮತ್ತೆ ಡವಡವ ಹೊಡೆದುಕೊಂಡಿತು. ಹೊಡೆದುಕೊಳ್ಳುತ್ತಿರುವಾಗಲೇ ಅವಳು ಪೆನ್ಸಿಲ್ ಎತ್ತಿ, ಬಿಲ್ ಪುಸ್ತಕದಲ್ಲಿ 'ಎಚ್ಚರಿಕೆ' ಎಂದು ಸರಿಯಾಗಿ ಬರೆದಳು.

*

ಅಜ್ಜನ ಹಣ ವಾಪಸು ಬರಲಿಲ್ಲ. ಹಳೆಯ ಮೆಷಿನ್ನೇ ಕಿರ್ರೆನ್ನುತ್ತಿತ್ತು. ಭಾನುವಾರ ಗಿಲಕಿ ಬುಗುರಿಯ ಮನೆಗೆ ಹೋಗಿ ಫೋಟೋ ವಿಷಯ ಹೇಳಿದಳು. ಬುಗುರಿ ಬಾಗಿಲು ದಡಾರನೆ ಹಾಕಿಕೊಂಡಳು. ಬುಧವಾರದ ತನಕ ಮಾತಾಡಲಿಲ್ಲ. ಗುರುವಾರ, "ನಿನ್ನ ಗಣಿತ ತೋರಿಸು," ಎಂದಳು. ಅದು ಮಾತಾಡಿದ ಹಾಗೇ. ಅಪ್ಪನಿಗೆ ಈಗ ಮಗಳ ಮುಖ ಕಾಣುತ್ತಿತ್ತು. ಟೇಪಿನ ಅಂಟು ಉಳಿದು ಸ್ವಲ್ಪ ಮಂಜಾಗಿ ಕಾಣುತ್ತಿತ್ತು, ಅಷ್ಟೇ.

ಒಂದು ತಿಂಗಳಾಗಿರಬಹುದು. ಗಿಲಕಿ ಅಂಗಡಿಯಲ್ಲಿ ಕೂತು ಅಜ್ಜನಿಗೆ ಶಾಲೆಯ ಕತೆ ಹೇಳುತ್ತಿದ್ದಳು. ಅಂಗಡಿ ಸಾಲಿನ ಕೊನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕ ಬಂದು ಮೇಜಿನ ಎದುರು ನಿಂತಳು. ಅವಳ ಕೈಯಲ್ಲಿ ಕೀ ಇರಲಿಲ್ಲ.

"ಏನಮ್ಮ?" ಎಂದ ಅಜ್ಜ.

"ಏನಿಲ್ಲ ತಾತ. ಸುಮ್ಮನೆ ಬಂದೆ." ಅವಳು ಹಿಂದೆ ತಿರುಗಿ ರಸ್ತೆ ನೋಡಿದಳು. ಸೆರಗಿನ ಕೆಳಗೆ ಫೋನನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಿದ್ದಳು. ಅದರ ಗಾಜು ಅಂಗೈ ಕಡೆಗಿತ್ತು. "ಈ ಬ್ಯಾಂಕ್ ಅಕೌಂಟು... ಒಂದು ಗಂಟೆಯೊಳಗೆ ನಿಲ್ಲಿಸಿಬಿಡ್ತಾರಾ ತಾತ? ಹಾಗೆ ಮಾಡೋಕಾಗುತ್ತಾ?"

"ಯಾರು ಹೇಳಿದರು?"

ಅಕ್ಕ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. "ಬೇಡ ಬಿಡಿ. ನಾನು ಬರ್ತೀನಿ."

ಅವಳು ತಿರುಗುವ ಮೊದಲೇ ಗಿಲಕಿ ಬೆಂಚಿನಿಂದ ಇಳಿದಿದ್ದಳು. ಬೆಂಚಿನ ಮೇಲಿನ ಹಿತ್ತಾಳೆಯ ಪುಡಿಯನ್ನು ಕೈಯಿಂದ ಒರೆಸಿ ಜಾಗ ಮಾಡಿದಳು.

"ಅಕ್ಕ, ಕೂತ್ಕೊಳ್ಳಿ," ಎಂದಳು ಮೆಲ್ಲಗೆ. "ಯಾರಿಗೂ ಹೇಳಬೇಡ ಅಂದಿದ್ದಾರಾ?"

ಇಸ್ತ್ರಿ ಅಕ್ಕ ಅವಳನ್ನೇ ನೋಡಿದಳು. ಹೌದು ಎಂದು ತಲೆ ಆಡಿಸಿ ಕೂತಳು.

ಗಿಲಕಿ ಅವಳ ಪಕ್ಕದಲ್ಲಿ ಒತ್ತಿ ಕೂತಳು. ಏನೂ ಕೇಳಲಿಲ್ಲ. ಅಕ್ಕನಿಗೆ ಮಾತು ಬರುವ ತನಕ ಬಾಯಿ ಮುಚ್ಚಿಕೊಂಡು ಕಾದಳು.